ಕಾಫಿ ಕುಯ್ಲಿಗೆಂದು ಕೊಟ್ಟ ಕೈಗವಸು ಕೈಯಲ್ಲಿ ಏಕೆ ಉಳಿಯುತ್ತಿಲ್ಲ?

ಹಾಸನದ ಹೆಣಿಗೆಯವನು — ಪ್ರಶ್ನೆ

ಹಾಸನದ ಹೊರವಲಯದಲ್ಲಿ ನಾನು ಸಣ್ಣದೊಂದು ಹೆಣಿಗೆ ಘಟಕ ನಡೆಸುತ್ತಿದ್ದೇನೆ. ಇಷ್ಟು ವರ್ಷ ಕಟ್ಟಡ ಕೆಲಸದವರಿಗೂ ಗ್ಯಾರೇಜಿನವರಿಗೂ ಬೇಕಾಗುವ ಸಾಮಾನ್ಯ ಕೈಗವಸುಗಳನ್ನು ಹೆಣೆದು ವ್ಯಾಪಾರಿಗಳಿಗೆ ಕೊಡುತ್ತಿದ್ದೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಸಕಲೇಶಪುರದ ಕಡೆಯ ಒಂದು ತೋಟದವರು ಕಾಫಿ ಹಣ್ಣು ಕುಯ್ಯುವ ಹೆಂಗಸರಿಗೆ ಹೊಂದುವಂಥ ಕೈಗವಸು ಮಾಡಿಕೊಡಲು ಸಾಧ್ಯವೇ ಎಂದು ಕೇಳಿದರು. ಕುಯ್ಲಿನ ದಿನಗಳಲ್ಲಿ ಬೆರಳುಗಳು ಒಡೆಯುತ್ತವೆ, ಚಗಳಿ ಇರುವೆ ಕಚ್ಚುತ್ತದೆ, ಕಂಬಳಿ ಹುಳ ತಾಗಿದರೆ ಕೈ ಊದಿಕೊಳ್ಳುತ್ತದೆ, ಒಣಗಿದ ಕಡ್ಡಿ ಉಗುರಿನ ಸಂದಿಗೆ ಹೊಕ್ಕರೆ ಎರಡು ದಿನ ಕೆಲಸವೇ ಆಗುವುದಿಲ್ಲ ಎಂದು ಅವರು ವಿವರಿಸಿದಾಗ ನನಗೆ ಇದು ಮಾಡಲೇಬೇಕಾದ ಕೆಲಸ ಎನಿಸಿತು.

ಕೇಳದೆ ಮಾಡಬಾರದೆಂದು ಹದಿನಾಲ್ಕು ಪ್ರಶ್ನೆಗಳ ಒಂದು ಹಾಳೆ ಸಿದ್ಧಪಡಿಸಿ, ತೋಟದ ರೈಟರ್, ಎಂದರೆ ಹಾಜರಿ ಬರೆಯುವವರ ಮೂಲಕ ಕೆಲಸದವರಿಂದ ಉತ್ತರ ತರಿಸಿಕೊಂಡೆ. ಬಣ್ಣ ಯಾವುದಿರಬೇಕು, ದಪ್ಪ ಇರಬೇಕೇ ತೆಳುವಿರಬೇಕೇ, ಮಣಿಕಟ್ಟಿನವರೆಗೆ ಸಾಕೇ, ಅಂಗೈಗೆ ಲೇಪನ ಬೇಕೇ ಎಂಬಂಥ ಪ್ರಶ್ನೆಗಳವು. ಅದರ ಆಧಾರದ ಮೇಲೆ 13 ಗೇಜಿನ, ಎಂದರೆ ಒಂದು ಅಂಗುಲಕ್ಕೆ ಹದಿಮೂರು ಸೂಜಿಗಳ ಯಂತ್ರದಲ್ಲಿ ನೈಲಾನ್ ನೂಲಿನ ಕೈಗವಸು ಹೆಣೆದು, ಅಂಗೈಗೂ ಬೆರಳುಗಳಿಗೂ ನೈಟ್ರೈಲ್ ಎಂಬ ಕೃತಕ ರಬ್ಬರಿನ ಲೇಪನ ಹಾಕಿಸಿ, ಡಿಸೆಂಬರ್ ಮೊದಲ ವಾರದಲ್ಲಿ ಅರುವತ್ತು ಜೊತೆ ಕೊಟ್ಟೆ. ಮೊದಲ ದಿನ ಎಲ್ಲರೂ ತೊಟ್ಟುಕೊಂಡು ನೋಡಿ ಚೆನ್ನಾಗಿದೆ ಎಂದರು.

ಮೂರು ವಾರ ಬಿಟ್ಟು ಹೋದಾಗ ಕೆಲಸ ನಡೆಯುತ್ತಿದ್ದ ಪಟ್ಟೆಯಲ್ಲಿ, ಎಂದರೆ ತೋಟದ ಆ ಭಾಗದಲ್ಲಿ, ಕೈಗವಸು ತೊಟ್ಟವರು ಏಳು ಮಂದಿ ಮಾತ್ರ ಇದ್ದರು. ಇನ್ನು ಕೆಲವರ ಸೊಂಟದಲ್ಲಿ ಸಿಕ್ಕಿಸಿಕೊಂಡದ್ದು ಕಂಡಿತು. ಕೆಲಸದವರು ವಾಸಿಸುವ ಲೈನ್ ಮನೆಯ ಒಂದು ಒಲೆಯ ಬಳಿ ಬಿಸಿ ಪಾತ್ರೆ ಇಳಿಸಲು ನನ್ನ ಕೈಗವಸನ್ನೇ ಬಳಸುತ್ತಿದ್ದರು. ಒಬ್ಬ ಹೆಂಗಸು ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ತುದಿಯನ್ನು ಮೊದಲ ಗೆಣ್ಣಿನವರೆಗೆ ಕತ್ತಿಯಿಂದ ಕೊಯ್ದು ತೆಗೆದಿದ್ದರು. ನನ್ನನ್ನು ನೋಡಿ ಅವರು ಕೈಯನ್ನು ಸೆರಗಿನ ಮರೆಗೆ ಸರಿಸಿಕೊಂಡದ್ದು ನನಗೆ ಬಹಳ ನೋವು ಉಂಟುಮಾಡಿತು, ಏಕೆಂದರೆ ಮುಚ್ಚಿಕೊಳ್ಳಬೇಕಾದ ತಪ್ಪೇನಾದರೂ ಇದ್ದರೆ ಅದು ನನ್ನದೇ.

ನೂಲನ್ನು ಇನ್ನೂ ತೆಳ್ಳಗೆ, 18 ಗೇಜಿಗೆ ಇಳಿಸಬೇಕೇ? ಪರೀಕ್ಷೆಯಲ್ಲಿ ಹೆಚ್ಚಿನ ಅಂಕ ಪಡೆಯುವ ದುಬಾರಿ ನೂಲಿಗೆ ಹೋಗಬೇಕೇ? ಅಥವಾ ನಾನು ಕೇಳಿದ ಪ್ರಶ್ನೆಗಳೇ ಸರಿ ಇರಲಿಲ್ಲವೇ? ಹಾಗಿದ್ದರೆ ಏನನ್ನು, ಯಾರನ್ನು, ಹೇಗೆ ಕೇಳಬೇಕಿತ್ತು? ಮುಂದಿನ ಕುಯ್ಲಿಗೆ ಮೊದಲು ಇದನ್ನು ಸರಿಪಡಿಸಬೇಕೆಂಬ ಆಸೆಯಿದೆ. ತಿಳಿದವರು ದಯವಿಟ್ಟು ಬರೆಯಿರಿ.

ಮೂಡಿಗೆರೆ ಬೆಳೆಗಾರ್ತಿ — ಉತ್ತರ

ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದು ಸಣ್ಣ ತೋಟ. ಮೇಲಿನ ಇಳಿಜಾರಿನಲ್ಲಿ ಅರೇಬಿಕಾ, ಕೆಳಗೆ ಹಳ್ಳದ ಕಡೆ ರೋಬಸ್ಟಾ ಇದೆ. ಎರಡು ವರ್ಷದ ಹಿಂದೆ ನಾನೂ ಚಿಕ್ಕಮಗಳೂರಿನ ಅಂಗಡಿಯಿಂದ ಕೈಗವಸು ತಂದು ಹಂಚಿ, ನಿಮ್ಮಂತೆಯೇ ನಿರಾಶಳಾಗಿದ್ದೆ. ಕೆಲಸದವರಿಗೆ ತಮ್ಮ ಕೈಯ ಮೇಲೆ ಕಾಳಜಿಯಿಲ್ಲ ಎಂದು ಆಗ ಆಡಿದ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ. ಆಮೇಲೆ ಒಂದು ದಿನ, ಲೆಕ್ಕ ಬರೆಯುವ ಕೆಲಸವನ್ನು ಬಿಟ್ಟು, ನಾನೇ ಬುಟ್ಟಿ ಕಟ್ಟಿಕೊಂಡು ಅನುಭವಸ್ಥ ಹೆಂಗಸೊಬ್ಬರ ಪಕ್ಕದ ಸಾಲು ಹಿಡಿದೆ. ಬೆಳಿಗ್ಗೆ ಏಳೂವರೆಯಿಂದ ತೂಕದ ಹೊತ್ತಿನವರೆಗೆ ಅವರ ಕೈಯನ್ನೇ ನೋಡಿದೆ. ಆ ಒಂದು ದಿನ ಕಲಿಸಿದಷ್ಟನ್ನು ಹತ್ತು ವರ್ಷದ ಯಜಮಾನಿಕೆ ಕಲಿಸಿರಲಿಲ್ಲ.

ಎರಡು ಕೈಗಳ ಕೆಲಸ ಒಂದೇ ಅಲ್ಲ. ಎಡಗೈ ರೆಕ್ಕೆಯನ್ನು, ಎಂದರೆ ಗಿಡದ ಅಡ್ಡ ಕೊಂಬೆಯನ್ನು, ಹಿಡಿದು ಬಗ್ಗಿಸುತ್ತದೆ, ಎಲೆ ಸರಿಸುತ್ತದೆ, ಒಣಗಿದ ಕಡ್ಡಿಗಳ ನಡುವೆ ಮೊದಲು ನುಗ್ಗುತ್ತದೆ; ಆದ್ದರಿಂದ ಇರುವೆ ಏರುವುದೂ, ಗೀರು ಬೀಳುವುದೂ ಎಡಗೈಯ ಹಿಂಬದಿಗೆ ಮತ್ತು ಮಣಿಕಟ್ಟಿಗೆ. ಬಲಗೈಯ ಹೆಬ್ಬೆರಳು ಮತ್ತು ಅದರ ಮುಂದಿನ ಎರಡು ಬೆರಳುಗಳು ಹಣ್ಣನ್ನು ಹಿಡಿದು ಸ್ವಲ್ಪ ತಿರುಚಿ ತೊಟ್ಟನ್ನು ಗಿಡದಲ್ಲೇ ಉಳಿಸಿ ಬಿಡಿಸುತ್ತವೆ. ಆಮೇಲೆ ನಡೆಯುವುದನ್ನು ನಾನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ. ಬಿಡಿಸಿದ ಹಣ್ಣು ಕೂಡಲೇ ಬುಟ್ಟಿಗೆ ಬೀಳುವುದಿಲ್ಲ. ಅಂಗೈಯೊಳಗೆ ಉರುಳಿ, ಉಂಗುರದ ಬೆರಳು ಮತ್ತು ಕಿರುಬೆರಳಿನ ಆಸರೆಯಲ್ಲಿ ನಿಲ್ಲುತ್ತದೆ. ಹಾಗೆ ಐದಾರು ಹಣ್ಣು ಕೂಡಿದ ಮೇಲೆ ಒಮ್ಮೆಲೇ ಬುಟ್ಟಿಗೆ ಜಾರಿಸುತ್ತಾರೆ. ಲೇಪನವಿರುವ ಅಂಗೈಯಲ್ಲಿ ಈ ಜಾರುವಿಕೆಯೇ ಕೆಡುತ್ತದೆ. ಒಂದೆರಡು ಹಣ್ಣು ಒಡೆದು ಅಂಟುರಸ ಹತ್ತಿದರೆ, ಒದ್ದೆಯಿರುವಾಗ ಹಣ್ಣು ಬೆರಳಿನಿಂದ ನುಣುಚುತ್ತದೆ, ಬಿಸಿಲೇರಿ ರಸ ಒಣಗುತ್ತ ಬಂದಾಗ ಅಂಗೈಗೇ ಹಿಡಿದುಕೊಳ್ಳುತ್ತದೆ. ಅಂಗೈಗೆ ಬಿಗಿ ಹಿಡಿತ ಕೊಡುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ. ಈ ಕೆಲಸಕ್ಕೆ ಬಿಗಿ ಹಿಡಿತ ಬೇಕಿರುವುದು ಬೆರಳ ತುದಿಯಲ್ಲಿ, ಅಂಗೈಯಲ್ಲಿ ಬೇಕಿರುವುದು ನುಣುಪು.

ಇನ್ನೊಂದು ಮಾತು ಇಬ್ಬನಿಯದು. ಡಿಸೆಂಬರ್‌ನಲ್ಲಿ ಒಂಬತ್ತು ಗಂಟೆಯವರೆಗೂ ಎಲೆಯ ಮೇಲೆ ನೀರು ನಿಂತಿರುತ್ತದೆ. ಹೆಣಿಗೆಯ ಹಿಂಬದಿ ಅದನ್ನು ಹೀರಿಕೊಳ್ಳುತ್ತದೆ, ಲೇಪನವಿರುವ ಮುಂಬದಿ ಅದನ್ನು ಹೊರಗೆ ಬಿಡುವುದಿಲ್ಲ, ಹೀಗಾಗಿ ಎಂಟು ಗಂಟೆಗೆಲ್ಲ ಕೈ ತಣ್ಣೀರಿನ ಚೀಲದೊಳಗೆ ಇಟ್ಟಂತಾಗುತ್ತದೆ. ನಾನೇ ತೊಟ್ಟು ನೋಡಿದ್ದೇನೆ; ಅರ್ಧ ಗಂಟೆಯಲ್ಲಿ ಬೆರಳಿನ ತುದಿ ಬೆಳ್ಳಗೆ ಸುಕ್ಕಾಗಿತ್ತು. ಬರಿಗೈ ಒದ್ದೆಯಾದರೆ ಒರೆಸಿಕೊಳ್ಳಬಹುದು.

ಕೈಅಳತೆ — ಉತ್ತರ

ನಾನು ಚಿಕ್ಕಮಗಳೂರಿನವನು. ಕೆಲಸದ ಉಪಕರಣಗಳು ಮನುಷ್ಯನ ದೇಹಕ್ಕೆ ಹೊಂದುವಂತೆ ಮಾಡುವ ವಿಷಯವನ್ನು ಓದಿ ಅದೇ ವೃತ್ತಿಯಲ್ಲಿದ್ದೇನೆ. ಬೆಳೆಗಾರ್ತಿಯವರು ಒಂದು ದಿನದಲ್ಲಿ ಮಾಡಿದ್ದು ನಮ್ಮ ವೃತ್ತಿಯಲ್ಲಿ ಮೊದಲ ಪಾಠ. ನಿಮ್ಮ ಹದಿನಾಲ್ಕು ಪ್ರಶ್ನೆಗಳ ಹಾಳೆಗಿಂತ ಅದರ ಬೆಲೆ ಹೆಚ್ಚು. ಬಣ್ಣ, ದಪ್ಪ, ಉದ್ದ ಇವು ವಸ್ತುವಿನ ಬಗೆಗಿನ ಪ್ರಶ್ನೆಗಳು. ಕೈಗವಸು ತೊಡದೆಯೇ ವರ್ಷಗಟ್ಟಲೆ ಕೆಲಸ ಮಾಡಿದವರು ಇನ್ನೂ ಹುಟ್ಟದ ಕೈಗವಸಿನ ಬಣ್ಣ ಮತ್ತು ದಪ್ಪದ ಬಗ್ಗೆ ಏನು ಹೇಳಲು ಸಾಧ್ಯ? ಅವರಿಗೆ ಖಚಿತವಾಗಿ ಗೊತ್ತಿರುವುದು ತಮ್ಮ ಕೆಲಸ ಮತ್ತು ತಮ್ಮ ಕೈ. ಕಳೆದ ವಾರ ಕೈಗೆ ಏನಾಯಿತು, ಯಾವ ಹೊತ್ತಿನಲ್ಲಿ ಆಯಿತು, ಆಗ ಏನು ಮಾಡಿದಿರಿ ಎಂದು ಕೇಳಿದರೆ ಉತ್ತರ ತಾನಾಗಿಯೇ ಬರುತ್ತದೆ.

ನನ್ನ ಅನುಭವದಲ್ಲಿ ಕೈಗವಸಿನ ಅಧ್ಯಯನ ಶುರುವಾಗಬೇಕಾದದ್ದು ಅದನ್ನು ತೊಡುವ ಗಳಿಗೆಯಿಂದಲ್ಲ, ಕಳಚುವ ಗಳಿಗೆಯಿಂದ. ಒಬ್ಬರ ಜೊತೆ ಇಡೀ ದಿನ ಇದ್ದು, ಅವರು ಎಷ್ಟು ಹೊತ್ತಿಗೆ ಕಳಚಿದರು, ಯಾವ ಕೈಯದನ್ನು ಕಳಚಿದರು, ಕಳಚಿ ಎಲ್ಲಿಟ್ಟರು, ಮತ್ತೆ ತೊಟ್ಟರೇ ಎಂಬುದನ್ನಷ್ಟೇ ಬರೆದುಕೊಳ್ಳಿ. ಎಲೆಗೆ ಸುಣ್ಣ ಹಚ್ಚಲು, ನೀರು ಕುಡಿಯಲು, ಕಣ್ಣಿಗೆ ಬಿದ್ದ ಕಸ ತೆಗೆಯಲು, ಫೋನ್ ಎತ್ತಲು ಕಳಚಲೇಬೇಕಾಗುತ್ತದೆ. ಆದರೆ ಒದ್ದೆ ಕೈಯನ್ನು ಹೊರಗೆಳೆದಾಗ ಬೆರಳುಗಳು ಒಳಮಗುಚಿಕೊಂಡು, ಮತ್ತೆ ತೊಡಲು ಒಂದೊಂದೇ ಬೆರಳನ್ನು ಊದಿ ಬಿಡಿಸಬೇಕಾಗಿ ಬಂದರೆ, ಎರಡನೆಯ ಸಲ ಯಾರೂ ಆ ತೊಂದರೆ ತೆಗೆದುಕೊಳ್ಳುವುದಿಲ್ಲ. ನೀವು ಸೊಂಟದಲ್ಲಿ ಕಂಡ ಕೈಗವಸುಗಳಲ್ಲಿ ಹಲವು ಹೀಗೆ ಅಲ್ಲಿಗೆ ಸೇರಿರಬಹುದು. ಮುಂದಿನ ಸಲ ನೋಡಿ ಖಚಿತಪಡಿಸಿಕೊಳ್ಳಿ.

ಬಳಸಿ ಬಿಟ್ಟ ಕೈಗವಸುಗಳನ್ನು ಒಂದನ್ನೂ ಎಸೆಯಲು ಬಿಡದೆ ವಾಪಸ್ ತೆಗೆದುಕೊಳ್ಳಿ. ಕಾಫಿ ಹಣ್ಣಿನ ಕಂದು ಕಲೆ ಎಲ್ಲೆಲ್ಲಿ ಹತ್ತಿದೆ, ಲೇಪನ ಎಲ್ಲಿ ಸವೆದಿದೆ, ನೂಲು ಎಲ್ಲಿ ಹರಿದಿದೆ ಎಂಬುದು ಆ ಕೆಲಸದ ನಕಾಶೆಯೇ ಆಗಿರುತ್ತದೆ. ಬೆರಳ ತುದಿ ಕೊಯ್ದುಕೊಂಡ ಆ ಹೆಂಗಸಿನ ಕೈಗವಸನ್ನು ಹೊಸ ಜೊತೆಯೊಂದನ್ನು ಕೊಟ್ಟು ಕೇಳಿ ಪಡೆಯಿರಿ. ಎಷ್ಟು ಉದ್ದಕ್ಕೆ ಕೊಯ್ದಿದ್ದಾರೆ, ಯಾವ ಬೆರಳನ್ನು ಬಿಟ್ಟಿದ್ದಾರೆ ಎಂಬುದು ನಿಮ್ಮ ಮುಂದಿನ ನಮೂನೆಯ ಕರಡು. ಅವರು ಕೈಗವಸನ್ನು ಹಾಳು ಮಾಡಿಲ್ಲ, ತಿದ್ದಿದ್ದಾರೆ. ಎಸೆಯದೆ ತಿದ್ದಿ ತೊಟ್ಟಿದ್ದಾರೆಂದರೆ ಉಳಿದ ಭಾಗ ಅವರಿಗೆ ಬೇಕಾಗಿದೆ ಎಂದೇ ಅರ್ಥ.

ಇನ್ನು ಪರೀಕ್ಷೆಯ ಅಂಕಗಳ ವಿಚಾರ. ಯುರೋಪಿನ ಇಎನ್ 388 ಎಂಬ ಮಾನದಂಡದಲ್ಲಿ ಸವೆತ, ಕೊಯ್ತ, ಹರಿಯುವಿಕೆ, ಚುಚ್ಚುವಿಕೆ ಎಂಬ ನಾಲ್ಕಕ್ಕೂ ಬೇರೆ ಬೇರೆ ಅಂಕಗಳಿವೆ. ಸವೆತದಲ್ಲಿ ನಾಲ್ಕನೆಯ ಹಂತ ಸಿಗಬೇಕಾದರೆ ಕೈಗವಸಿನ ತುಂಡು 8000 ಸುತ್ತು ಉಜ್ಜುವಿಕೆಯನ್ನು ತಡೆದುಕೊಳ್ಳಬೇಕು. ಚುಚ್ಚುವಿಕೆಯ ಪರೀಕ್ಷೆಯಲ್ಲಿ ಬಳಸುವುದು ದುಂಡನೆಯ ತುದಿಯ ಉಕ್ಕಿನ ಕಡ್ಡಿಯನ್ನು. ನಮ್ಮ ತೋಟಗಳ ನೆರಳಿನ ಮರವಾದ ಹಾಲವಾಣದ ಮುಳ್ಳಿಗೂ ಉಗುರಿನ ಸಂದಿಗೆ ಹೋಗುವ ಕಾಫಿ ಕಡ್ಡಿಯ ಸಿಗುರಿಗೂ ಅದು ಸಮವಲ್ಲ, ಆದ್ದರಿಂದ ಆ ಅಂಕ ಎಷ್ಟೇ ಇದ್ದರೂ ಸಣ್ಣ ಮುಳ್ಳು ದಾಟಿ ಬರಬಹುದು. ಕೈಗವಸುಗಳ ಸಾಮಾನ್ಯ ಮಾನದಂಡವಾದ ಐಎಸ್‌ಒ 21420ರಲ್ಲಿ ಬೆರಳಿನ ಚುರುಕುತನಕ್ಕೂ ಒಂದು ಪರೀಕ್ಷೆಯಿದೆ: 11 ಮಿಲಿಮೀಟರಿನಿಂದ 5 ಮಿಲಿಮೀಟರಿನವರೆಗಿನ ಐದು ದಪ್ಪದ ಉಕ್ಕಿನ ಕಡ್ಡಿಗಳಲ್ಲಿ ಯಾವುದನ್ನು 30 ಸೆಕೆಂಡಿನಲ್ಲಿ ಮೂರು ಸಲ ಎತ್ತಲು ಸಾಧ್ಯ ಎಂದು ನೋಡುತ್ತಾರೆ. ಕಾಫಿ ಹಣ್ಣು ಅತಿ ತೆಳುವಾದ 5 ಮಿಲಿಮೀಟರಿನ ಕಡ್ಡಿಗಿಂತ ದಪ್ಪವೇ ಇರುತ್ತದೆ, ಹೀಗಾಗಿ ಆ ಕಡ್ಡಿಯನ್ನೂ ಎತ್ತಿ ಐದನೆಯ ಹಂತ ಪಡೆದ ಕೈಗವಸು ಕುಯ್ಲಿಗೂ ಸರಿಹೋಗುತ್ತದೆಂದು ನೀವು ಭಾವಿಸಬಹುದು. ಆದರೆ ಮೇಜಿನ ಮೇಲಿನ ಒಣ ಕಡ್ಡಿಯನ್ನು ಎತ್ತುವುದಕ್ಕೂ, ಎಲೆಯ ಮರೆಯಲ್ಲಿ ಒದ್ದೆ ಗೊಂಚಲಿನಿಂದ ಹಣ್ಣಾದದ್ದನ್ನು ಮಾತ್ರ ಆರಿಸಿ ತಿರುಚುವುದಕ್ಕೂ ಬಹಳ ಅಂತರವಿದೆ.

ಅಳತೆಯನ್ನು ಮಾತ್ರ ದಯವಿಟ್ಟು ಊಹೆಗೆ ಬಿಡಬೇಡಿ. ಆ ಮಾನದಂಡಗಳ ಲೆಕ್ಕದಲ್ಲಿ 6ನೆಯ ಅಳತೆಯೆಂದರೆ ಅಂಗೈ ಸುತ್ತಳತೆ 152 ಮಿಲಿಮೀಟರ್, ಕೈಯುದ್ದ 160; 7ಕ್ಕೆ 178 ಮತ್ತು 171; 8ಕ್ಕೆ 203 ಮತ್ತು 182; 9ಕ್ಕೆ 229 ಮತ್ತು 192. ಸುತ್ತಳತೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ಸಂದಿಗಿಂತ 20 ಮಿಲಿಮೀಟರ್ ಆಚೆ, ಉದ್ದವನ್ನು ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗೆ ಹಿಡಿಯಬೇಕು. ಕಟ್ಟಡ ಕೆಲಸದ ಗಂಡಸರಿಗೆ ಹೆಣೆಯುತ್ತಿದ್ದ 9ನ್ನೇ ನೀವು ಕೊಟ್ಟಿದ್ದರೆ, ಸಣ್ಣ ಕೈಯ ಹೆಂಗಸಿನ ಪ್ರತಿ ಬೆರಳಿನ ತುದಿಯಲ್ಲೂ ಒಂದು ಖಾಲಿ ಚೀಲ ಉಳಿದಿರುತ್ತದೆ. ಹಣ್ಣನ್ನು ಮೊದಲು ಮುಟ್ಟುವುದು ಆ ಖಾಲಿ ಚೀಲವೇ.

ಬಾಳೆಹೊನ್ನೂರು ದಾರಿ — ಉತ್ತರ

ನಮ್ಮ ಅಮ್ಮ ಇಪ್ಪತ್ತಾರು ವರ್ಷದಿಂದ ಬಾಳೆಹೊನ್ನೂರಿನ ಸುತ್ತಲಿನ ತೋಟಗಳಲ್ಲಿ ಕೆಲಸ ಮಾಡುತ್ತಿದ್ದಾರೆ. ಮೇಲಿನದನ್ನೆಲ್ಲ ರಾತ್ರಿ ಊಟದ ನಂತರ ಅವರಿಗೆ ಓದಿ ಹೇಳಿದೆ. ಅವರು ಹೇಳಿದ್ದನ್ನು ನಾನು ಬರವಣಿಗೆಯ ಕನ್ನಡಕ್ಕೆ ತಂದು ಇಲ್ಲಿ ಇಡುತ್ತಿದ್ದೇನೆ.

ಮೊದಲನೆಯದಾಗಿ, ರೈಟರ್ ಕೈಯಲ್ಲಿ ಹಾಳೆ ಹಿಡಿದು ಬಂದು ಗ್ಲೌಸ್ ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎಂದೇ ಹೇಳುತ್ತೇವೆ, ಅದರಲ್ಲಿ ಸುಳ್ಳು ಹೇಳುವ ಉದ್ದೇಶವಿಲ್ಲ. ಪುಕ್ಕಟೆ ಕೊಟ್ಟದ್ದನ್ನು ಕೊಟ್ಟವರ ಮುಂದೆಯೇ ಹಳಿಯುವುದು ಮರ್ಯಾದೆಯಲ್ಲ. ಅಲ್ಲದೆ ಹಾಜರಿ ಬರೆಯುವವರೂ ಅವರೇ. ನಮ್ಮ ನಿಜವಾದ ಮಾತು ಬೇಕಿದ್ದರೆ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಬಂದು ಕುಳಿತುಕೊಳ್ಳಬೇಕು.

ಎರಡನೆಯದು ಕಿಲೋ ಲೆಕ್ಕ. ಗೊತ್ತು ಮಾಡಿದ ತೂಕದ ಮೇಲೆ ಕುಯ್ದ ಪ್ರತಿ ಕಿಲೋಗೂ ಹೆಚ್ಚಿನ ಹಣ ಸಿಗುವ ತೋಟದಲ್ಲಿ, ಗ್ಲೌಸಿನಿಂದ ದಿನಕ್ಕೆ ಒಂದು ಬುಟ್ಟಿ ಕಡಿಮೆಯಾದರೂ ಆ ನಷ್ಟ ಹೋಗುವುದು ನಮ್ಮ ಸೆರಗಿನ ಗಂಟಿನಿಂದ. ಬೆರಳು ಒಡೆದರೆ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತೇವೆ, ಅದು ವಾಸಿಯಾಗುತ್ತದೆ. ಹೋದ ಕಿಲೋ ವಾಪಸ್ ಬರುವುದಿಲ್ಲ. ನಮ್ಮ ಕೈಯ ಬಗ್ಗೆ ನಮಗೆ ಕಾಳಜಿಯಿಲ್ಲ ಎನ್ನುವವರು ಶನಿವಾರದ ಬಟವಾಡೆಯ ಲೆಕ್ಕವನ್ನು ಒಮ್ಮೆ ನಮ್ಮ ಜೊತೆ ಕುಳಿತು ಹಾಕಲಿ.

ಮೂರನೆಯದು, ಬೆರಳೇ ನಮ್ಮ ಕಣ್ಣು ಎಂಬುದು. ಒಳರೆಕ್ಕೆಯ ಹಣ್ಣು ಎಲ್ಲವೂ ಕಣ್ಣಿಗೆ ಕಾಣುವುದಿಲ್ಲ. ಹಣ್ಣಾದದ್ದು ಒತ್ತಿದರೆ ಸ್ವಲ್ಪ ಮೆತ್ತಗಿರುತ್ತದೆ, ಹಸಿರು ಕಾಯಿ ಕಲ್ಲಿನಂತಿರುತ್ತದೆ. ಆ ವ್ಯತ್ಯಾಸ ತುದಿ ಬೆರಳಿಗೆ ತಿಳಿಯದಿದ್ದರೆ ಬುಟ್ಟಿಗೆ ಹಸಿರು ಕಾಯಿ ಬೀಳುತ್ತದೆ, ಆಮೇಲೆ ಕಣದಲ್ಲಿ ಎಲ್ಲರೆದುರು ಬೈಸಿಕೊಳ್ಳುವುದು ನಾವು. ಆದ್ದರಿಂದ ತುದಿ ಕೊಯ್ದುಕೊಂಡ ಆ ಹೆಂಗಸು ಸರಿಯಾಗಿಯೇ ಮಾಡಿದ್ದಾಳೆ ಎಂದು ಅಮ್ಮ ಹೇಳುತ್ತಾರೆ. ಅಮ್ಮ ಸ್ವತಃ ಹಳೆಯ ಕಾಲುಚೀಲದ ಪಾದದ ಭಾಗ ಕತ್ತರಿಸಿ, ಉಳಿದ ಕೊಳವೆಯನ್ನು ಮಣಿಕಟ್ಟಿನಿಂದ ಬೆರಳ ಬುಡದವರೆಗೆ ಎಳೆದುಕೊಂಡು, ಹೆಬ್ಬೆರಳಿಗೆ ಒಂದು ತೂತು ಮಾಡಿಕೊಂಡಿದ್ದಾರೆ. ತೋರುಬೆರಳಿನ ಪಕ್ಕಕ್ಕೆ, ಉಗುರಿನ ಹತ್ತಿರ, ಹತ್ತಿಯ ಬಟ್ಟೆಯ ಪಟ್ಟಿ ಸುತ್ತುತ್ತಾರೆ. ಪಟ್ಟಿಯನ್ನು ಬೆರಳಿನ ಹೊಟ್ಟೆಯ ಮೇಲೆ ತರುವುದಿಲ್ಲ, ಪಕ್ಕಕ್ಕೆ ಮಾತ್ರ. ಯಾಕೆ ಎಂದು ಕೇಳಿದೆ. ಒಡೆಯುವುದು ಪಕ್ಕ, ನೋಡುವುದು ಹೊಟ್ಟೆ ಎಂದರು.

ಇನ್ನೂ ಒಂದು ಮಾತು ಅವರು ಒತ್ತಿ ಹೇಳಿದರು. ಕುಯ್ಲಿಗಿಂತ ಹೆಚ್ಚಾಗಿ ಗ್ಲೌಸ್ ಬೇಕಾಗಿರುವುದು ಮಳೆಗಾಲದ ಆಸುಪಾಸಿನಲ್ಲಿ ಕಂಬಚಿಗುರು, ಎಂದರೆ ಕಾಂಡದಲ್ಲಿ ನೇರ ಏಳುವ ಬೇಡದ ಚಿಗುರು, ತೆಗೆಯುವಾಗ, ಕಳೆ ಕೀಳುವಾಗ, ಹಾಲವಾಣದ ಕೊಂಬೆ ಹೊರುವಾಗ ಮತ್ತು ಗೊಬ್ಬರ ಹಾಕುವಾಗ. ಅವೆಲ್ಲ ದಿನಗೂಲಿಯ ಕೆಲಸ. ಒಂದೆರಡು ನಿಮಿಷ ತಡವಾದರೂ ಯಾರ ಗಂಟೂ ಹೋಗುವುದಿಲ್ಲ. ಆ ದಿನಗಳಲ್ಲಿ ಕೈ ಹೇಗಿರುತ್ತದೆ ಎಂದು ನೋಡಲು ಯಾರೂ ಬರುವುದಿಲ್ಲ, ಕುಯ್ಲಿಗೆ ಮಾತ್ರ ಎಲ್ಲರೂ ಬರುತ್ತಾರೆ ಎಂಬುದು ಅವರ ಬೇಸರ.

ತೋಟದ ಅಂಚು — ಉತ್ತರ

ಮೇಲಿನ ತಾಯಿಯವರ ಕೊನೆಯ ಮಾತಿಗೆ ಸೇರಿಸಿ ಎರಡು ವಿಚಾರ ಬರೆಯುತ್ತೇನೆ. ಬಿಳಿ ಕಾಂಡಕೊರಕ ಎಂಬ ಕೀಟದ ಹತೋಟಿಗೆ ಅರೇಬಿಕಾ ಗಿಡದ ಕಾಂಡದಿಂದ ಸಡಿಲ ತೊಗಟೆಯನ್ನು ಉಜ್ಜಿ ತೆಗೆಯಲು ತೆಂಗಿನ ನಾರಿನ ಕೈಗವಸನ್ನೋ ತೆಂಗಿನ ಸಿಪ್ಪೆಯನ್ನೋ ಬಳಸಬೇಕೆಂದು ಕಾಫಿ ಮಂಡಳಿಯವರು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ನಮ್ಮ ತೋಟದಲ್ಲಿ ಆ ನಾರಿನ ಕೈಗವಸನ್ನು ತೊಡಿ ಎಂದು ಯಾರಿಗೂ ಬುದ್ಧಿ ಹೇಳಬೇಕಾಗಿ ಬಂದಿಲ್ಲ, ಏಕೆಂದರೆ ಅದನ್ನು ತೊಟ್ಟರೆ ಕೆಲಸ ಬೇಗ ಆಗುತ್ತದೆ. ಕೈ ಉಳಿಯುವುದು ಅದರ ಜೊತೆಗೇ ಸಿಗುವ ಲಾಭ. ನಿಮ್ಮ ಕುಯ್ಲಿನ ಕೈಗವಸೂ ಕೆಲಸಕ್ಕೆ ಏನನ್ನಾದರೂ ಕೊಡುವಂತಿರಬೇಕು.

ಎರಡನೆಯದು ಎಚ್ಚರಿಕೆ. ನಿಮ್ಮ ಹೆಣಿಗೆಯ ಕೈಗವಸನ್ನು ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ತಯಾರಿಸಲೋ ಸಿಂಪಡಿಸಲೋ ಬಳಸಲು ಬಿಡಬೇಡಿ. ಮೆಣಸಿನ ಬಳ್ಳಿಗೆ ಶೇಕಡಾ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ; ಅದು ನೂಲಿನೊಳಗೆ ಇಳಿದರೆ ದಿನವಿಡೀ ಚರ್ಮಕ್ಕೆ ಅಂಟಿಕೊಂಡೇ ಇರುತ್ತದೆ, ಆಗ ಬರಿಗೈಯೇ ಎಷ್ಟೋ ವಾಸಿ. ಅದಕ್ಕೆ ಒಳಗೆ ಬಟ್ಟೆಯಿಲ್ಲದ, ಮೊಣಕೈಯ ಕಡೆಗೆ ಉದ್ದವಿರುವ ನೈಟ್ರೈಲ್ ಕೈಗವಸೇ ಬೇಕು. ಬಳ್ಳಿಗೆ ಮೇಲ್ಮುಖವಾಗಿ ಸಿಂಪಡಿಸುವಾಗ ಅದರ ಬಾಯಿ ತೋಳಿನ ಬಟ್ಟೆಯ ಹೊರಗಿದ್ದು ಅಂಚು ಮಡಚಿರಬೇಕು, ಇಲ್ಲವಾದರೆ ಇಳಿದ ದ್ರಾವಣ ನೇರ ಒಳಗೆ ಹೋಗುತ್ತದೆ. ಕಳಚುವ ಮೊದಲು ಕೈಯಲ್ಲಿದ್ದಂತೆಯೇ ತೊಳೆಯಬೇಕು. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನಂಥ ತಿರುಗುವ ಯಂತ್ರದ ಹತ್ತಿರವಂತೂ ಯಾವ ಕೈಗವಸೂ ಬೇಡ. ನೂಲಿನ ಒಂದು ಎಳೆ ಸಿಕ್ಕಿದರೆ ಕೈಯನ್ನೂ ಒಳಗೆಳೆಯುತ್ತದೆ. ಯಾವ ಕೆಲಸಕ್ಕೆ ಕೊಟ್ಟದ್ದು ಎಂಬುದು ಬಣ್ಣದಿಂದಲೇ ತಿಳಿಯುವಂತೆ ಮಾಡಿದರೆ, ಓದಲು ಬಾರದವರಿಗೂ ಅಸ್ಸಾಮಿನಿಂದ ಬಂದ ಕೆಲಸಗಾರರಿಗೂ ಅನುಕೂಲ.

ಹಾಸನದ ಹೆಣಿಗೆಯವನು — ಮರುಉತ್ತರ

ಎಲ್ಲರಿಗೂ ಕೃತಜ್ಞತೆಗಳು. ಕಳೆದ ಭಾನುವಾರ ಅದೇ ತೋಟಕ್ಕೆ ಹೋಗಿ, ಲೈನ್ ಮನೆಗಳಿಂದ ಮೂವತ್ತೊಂದು ಹಳೆಯ ಕೈಗವಸುಗಳನ್ನು ಹೊಸ ಹತ್ತಿಯ ಟವೆಲ್‌ಗಳಿಗೆ ಬದಲಾಗಿ ತೆಗೆದುಕೊಂಡು ಬಂದೆ. ಘಟಕದ ಉದ್ದನೆಯ ಮೇಜಿನ ಮೇಲೆ ಎಡಗೈಯವನ್ನು ಒಂದು ಸಾಲು, ಬಲಗೈಯವನ್ನು ಇನ್ನೊಂದು ಸಾಲು ಹರಡಿಟ್ಟು ನೋಡಿದಾಗ, ಬೆಳೆಗಾರ್ತಿಯವರೂ ಅಮ್ಮನವರೂ ಹೇಳಿದ್ದೆಲ್ಲ ನೂಲಿನಲ್ಲಿ ಬರೆದಿಟ್ಟಂತೆ ಕಂಡಿತು. ಬಲಗೈಯ ಸಾಲಿನಲ್ಲಿ ಲೇಪನ ಸವೆದಿರುವುದು ತೋರುಬೆರಳಿನ ಹೆಬ್ಬೆರಳ ಕಡೆಯ ಪಕ್ಕದಲ್ಲಿ, ಉಗುರಿನ ಮಟ್ಟಕ್ಕೆ. ಎಡಗೈಯ ಸಾಲಿನಲ್ಲಿ ಲೇಪನ ಹೊಸದರಂತೆಯೇ ಇದೆ, ಹಿಂಬದಿಯ ಗೆಣ್ಣುಗಳ ಮೇಲೆ ಮಾತ್ರ ಕಡ್ಡಿ ಸಿಕ್ಕಿ ಎಳೆ ಎದ್ದಿದೆ. ನಾನು ಹಣ ಸುರಿದು ಬಲಪಡಿಸಿದ್ದು ಸವೆಯದ ಭಾಗವನ್ನು; ಸವೆಯುವ ಭಾಗವನ್ನು ತೆಳುವಾಗಿಯೇ ಬಿಟ್ಟಿದ್ದೆ. ಮತ್ತು ಹೌದು, ಎಲ್ಲವೂ 9ನೆಯ ಅಳತೆಯವೇ.

ಆ ಹೆಂಗಸನ್ನೂ ಭೇಟಿಯಾದೆ. ತಪ್ಪು ನನ್ನದು, ನೀವು ಮಾಡಿದ್ದು ಸರಿ ಎಂದು ಹೇಳಿದ ಮೇಲೆ ಅವರೇ ಒಳಗಿನಿಂದ ತಂದು ಕೊಟ್ಟರು. ಕೊಯ್ದ ಅಂಚು ಬಿಚ್ಚದಂತೆ ಮೂರು ಬೆರಳಿಗೂ ಸೂಜಿಯಿಂದ ಸುತ್ತುಹೊಲಿಗೆ ಹಾಕಿದ್ದರು. ಅಷ್ಟು ಅಚ್ಚುಕಟ್ಟಾದ ಹೊಲಿಗೆ ನನ್ನ ಘಟಕದಿಂದಲೂ ಹೊರಬರುವುದಿಲ್ಲ.

ಈಗ ಎರಡು ಕೈಗೆ ಎರಡು ಬಗೆ ಮಾಡಲು ಹೊರಟಿದ್ದೇನೆ. ಬಲಗೈಗೆ ಮೂರು ಬೆರಳ ತುದಿ ತೆರೆದು, ಅಂಗೈಯ ಲೇಪನ ತೆಗೆದು, ತೋರುಬೆರಳು ಮತ್ತು ಹೆಬ್ಬೆರಳಿನ ಪಕ್ಕಕ್ಕೆ ಮಾತ್ರ ದಪ್ಪ ಹೆಣಿಗೆ. ಎಡಗೈಗೆ ಪೂರ್ಣ ಬೆರಳು, ಗೆಣ್ಣುಗಳ ಮೇಲೆ ಒತ್ತಾದ ಹೆಣಿಗೆ, ಇರುವೆ ನುಸುಳದಂತೆ ಉದ್ದನೆಯ ಬಿಗಿ ಮಣಿಕಟ್ಟು. 6, 7, 8 ಅಳತೆಗಳಲ್ಲಿ ಎಂಟೆಂಟು ಜೊತೆ ಹೆಣೆಯುತ್ತೇನೆ. ಎಡಗೈ ಬಳಸುವವರಿಗೆ ಅದೇ ಜೊತೆಯನ್ನು ತಿರುವುಮುರುವಾಗಿ ಹೆಣೆಯಬಹುದು. ಕುಯ್ಲಿನ ವೇಗ ಕಡಿಮೆಯಾಗುತ್ತದೆಯೇ ಎಂಬುದನ್ನು ನ್ಯಾಯವಾಗಿ ಅಳೆಯುವುದು ಹೇಗೆ? ಮತ್ತು ಅಮ್ಮನವರು ಒಪ್ಪಿದರೆ ಬಾಳೆಹೊನ್ನೂರಿಗೆ ಬಂದು ಅವರಿಗೇ ಮೊದಲು ತೋರಿಸಬಹುದೇ?

ಕೈಅಳತೆ — ಉತ್ತರ

ದಿನದ ತೂಕವನ್ನು ಹೋಲಿಸಬೇಡಿ. ಒಂದು ಸಾಲಿನ ಫಸಲಿಗೂ ಮುಂದಿನ ಸಾಲಿನ ಫಸಲಿಗೂ ವ್ಯತ್ಯಾಸವಿರುತ್ತದೆ. ಒಂದೇ ಗಿಡದ ಒಂದು ಮಗ್ಗುಲನ್ನು ಬರಿಗೈಯಲ್ಲಿ, ಇನ್ನೊಂದು ಮಗ್ಗುಲನ್ನು ಕೈಗವಸಿನಲ್ಲಿ ಕುಯ್ಯಲು ಕೇಳಿ, ಮುಂದಿನ ಗಿಡದಲ್ಲಿ ಕ್ರಮವನ್ನು ಅದಲುಬದಲು ಮಾಡಿ, ಸಮಯವನ್ನೂ ತೂಕವನ್ನೂ ಬರೆದುಕೊಳ್ಳಿ. ಎರಡೂ ಬುಟ್ಟಿಗಳಿಂದ ನೂರು ನೂರು ಹಣ್ಣು ಎಣಿಸಿ, ಅದರಲ್ಲಿ ಹಸಿರು ಕಾಯಿ ಎಷ್ಟೆಂದು ನೋಡಿ. ಬೆರಳಿನ ಕಣ್ಣು ಉಳಿದಿದೆಯೇ ಎಂಬುದು ಅಲ್ಲಿ ಗೊತ್ತಾಗುತ್ತದೆ. ಮೊದಲ ಎರಡು ದಿನದ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಕೈಗೆ ಅಭ್ಯಾಸವಾಗಬೇಕು. ಪರೀಕ್ಷೆಗೆ ಬಂದವರಿಗೆ ಅವರ ಸಾಮಾನ್ಯ ದಿನದ ಗಳಿಕೆಯನ್ನು ಪೂರ್ತಿ ಕೊಡುವ ಮಾತನ್ನು ಮೊದಲೇ ಎಲ್ಲರೆದುರು ಆಡಿ. ಅದಿಲ್ಲದೆ ಪರೀಕ್ಷೆ ಮಾಡಿದರೆ ನಿಮ್ಮ ಕಲಿಕೆಯ ಖರ್ಚನ್ನು ಅವರ ಕೂಲಿಯಿಂದ ತೆಗೆದಂತಾಗುತ್ತದೆ.

ಬಾಳೆಹೊನ್ನೂರು ದಾರಿ — ಉತ್ತರ

ಅಮ್ಮ ಬರಲು ಹೇಳಿದ್ದಾರೆ. ಈಗ ಇಲ್ಲಿ ರೋಬಸ್ಟಾ ಕುಯ್ಲು ಶುರುವಾಗಿದೆ. ಗೊಂಚಲು ದಪ್ಪ, ಇರುವೆಯೂ ಹೆಚ್ಚು, ಆದ್ದರಿಂದ ಎಡಗೈಯದನ್ನು ನೋಡಲು ಇದೇ ಸರಿಯಾದ ಸಮಯವಂತೆ. ಭಾನುವಾರ ಬೇಡ, ಕೆಲಸದ ದಿನವೇ ಬನ್ನಿ, ಇಬ್ಬನಿ ಆರುವ ಮೊದಲು ಬನ್ನಿ. ತೋಟದವರ ಒಪ್ಪಿಗೆಯನ್ನು ನಾನು ಕೇಳಿ ಇಟ್ಟಿರುತ್ತೇನೆ, ಆದರೆ ಅವರನ್ನು ಜೊತೆಗೆ ಕರೆದುಕೊಂಡು ಪಟ್ಟೆಗೆ ಬರಬೇಡಿ. ಅಳತೆಯ ಟೇಪಿನ ಜೊತೆಗೆ ಒಂದು ಕತ್ತರಿ, ಸೂಜಿ ಮತ್ತು ಅದೇ ಬಣ್ಣದ ನೂಲು ಇರಲಿ. ಸರಿಹೋಗದ್ದನ್ನು ಅಲ್ಲೇ ಕತ್ತರಿಸಿ ಅಲ್ಲೇ ಹೊಲಿದು ತೋರಿಸುವುದಾಗಿ ಅಮ್ಮ ಹೇಳುತ್ತಿದ್ದಾರೆ. ಅವರ ಅಂಗೈಯ ಸುತ್ತಳತೆಯನ್ನು ಈಗಷ್ಟೇ ದಾರದಿಂದ ಹಿಡಿದು ಸ್ಕೇಲಿನ ಮೇಲಿಟ್ಟು ನೋಡಿದೆ, 174 ಮಿಲಿಮೀಟರ್ ಬಂತು. ಹೆಬ್ಬೆರಳು ಮಾತ್ರ ಕೈಗೆ ಹೋಲಿಸಿದರೆ ದಪ್ಪವಿದೆ, ಅದನ್ನು ಬೇರೆಯಾಗಿಯೇ ಅಳೆಯಬೇಕಾಗಬಹುದು.